ಅರ್ಧ ಮಿಲಿಮೀಟರಿನ ಕಣ್ಣು

ಮೈಸೂರಿನ ಸರಸ್ವತಿಪುರಂನ ಆ ಮನೆಗೆ ನಾನು ಹೋಗಿದ್ದು ಒಂದು ರುಮಾಲು ನೋಡುವುದಕ್ಕೆ. ಹೆಸರುಕಾಳಿನಷ್ಟು ದಪ್ಪದ ರುಮಾಲು. ಅದನ್ನು ಸುತ್ತಿಸಿಕೊಳ್ಳಲು ಕಾದಿದ್ದ ಸಿಪಾಯಿ ನನ್ನ ಹೆಬ್ಬೆರಳ ಮೇಲಿನ ಗೆಣ್ಣಿನಷ್ಟು ಎತ್ತರ ಇದ್ದ.

ಮನೆಯವರು ನಿವೃತ್ತ ಡ್ರಾಫ್ಟ್ಸ್‌ಮನ್. ಕಾಲುವೆ, ಸೇತುವೆಗಳ ನಕ್ಷೆ ಬರೆದು ಪಳಗಿದ ಕೈ. ಹೆಸರು ಹಾಕಬೇಡಿ ಎಂದು ಕೇಳಿಕೊಂಡರು, ಹಾಗಾಗಿ ರಾಯರು ಎಂದಷ್ಟೇ ಕರೆಯುತ್ತೇನೆ. ಊಟದ ಮೇಜಿನ ಅರ್ಧ ಭಾಗ ಅವರ ಕಾರ್ಖಾನೆ. ಭೂತಗನ್ನಡಿ ಕೂಡಿಸಿದ ದೀಪ, ಹೊಲಿಗೆ ಸೂಜಿಗಳು, ಚಿಮಟ, ಮೊಸರಿನ ಡಬ್ಬಿಯಲ್ಲಿ ನೀರು. ಉಳಿದ ಅರ್ಧದಲ್ಲಿ ಊಟ.

ಅಂದು ಅವರು ಹಳದಿ ಮೇಣವನ್ನೂ ನೀಲಿ ಮೇಣವನ್ನೂ ಕಡಲೆಬೇಳೆಯಷ್ಟು ಕಿತ್ತು, ಹೋಳಿಗೆ ಕಣಕದ ಹಾಗೆ ಬೆರಳ ತುದಿಯಲ್ಲಿ ನಾದಿದರು. ಎರಡೂ ಬೆರೆತು ಹಸಿರಾಯಿತು. ಎಪಾಕ್ಸಿ ಜಾತಿಯ ಈ ಮೇಣಕ್ಕೆ ಜಗತ್ತಿನ ಎಲ್ಲ ಹವ್ಯಾಸಿಗಳೂ ‘ಗ್ರೀನ್ ಸ್ಟಫ್’ ಅನ್ನುತ್ತಾರೆ. ನಾದಿದ ಮೇಲೆ ಹೆಚ್ಚೆಂದರೆ ಒಂದೂವರೆ ಗಂಟೆ ಮಾತು ಕೇಳುತ್ತದೆ, ಆಮೇಲೆ ಗಟ್ಟಿ. ರಾಯರು ಅದನ್ನು ಶಾವಿಗೆಯ ಎಳೆಯಾಗಿ ಹೊಸೆದು, ಸೂಜಿಯಲ್ಲಿ ಚಪ್ಪಟೆ ಮಾಡಿ, ಸಿಪಾಯಿಯ ಬೋಳುತಲೆಯ ಸುತ್ತ ಒಂದು ಸುತ್ತು ಹಾಕಿದರು. ಸೂಜಿಯನ್ನು ಪ್ರತಿ ಸಲವೂ ನೀರಿಗೆ ಅದ್ದಬೇಕು, ಇಲ್ಲದಿದ್ದರೆ ರುಮಾಲು ಸೂಜಿಯ ಜೊತೆಗೇ ಎದ್ದು ಬರುತ್ತದೆ. ಎರಡನೆಯ ಸುತ್ತು ಮೊದಲನೆಯದರ ಮೇಲೆ ಓರೆಯಾಗಿ. ಮೂರನೆಯದು ಜಾರಿತು. ಕಿತ್ತರು, ಮತ್ತೆ ಹೊಸೆದರು. ಒಂದು ರುಮಾಲಿಗೆ ನಲವತ್ತು ನಿಮಿಷ ಹಿಡಿಯಿತು. ನಾನು ಉಸಿರು ಬಿಗಿ ಹಿಡಿದೇ ಕೂತಿದ್ದೆ.

‘ಬಟ್ಟೆ ಸುತ್ತಿದ್ರೆ ಅದರ ಭಾರ ಎಲ್ಲಿ ಬೀಳತ್ತೆ ಅಂತ ಗೊತ್ತಿರಬೇಕು. ನಮ್ಮ ತಾತ ಪೇಟ ಸುತ್ಕೊಳ್ಳೋದನ್ನ ದಿನಾ ನೋಡಿದೀನಿ. ಅದೇ ಈಗ ಉಪಯೋಗಕ್ಕೆ ಬಂತು’ ಎಂದರು.

ಮೇಜಿನ ಮೇಲೆ ಯುದ್ಧದಾಟ ಆಡುವ ಪುಟ್ಟ ಪಡೆಗಳ ಲೋಕ ಇದು. ಇಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು 28 ಮಿಲಿಮೀಟರ್ ಅಳತೆ. ಅಂದರೆ ಸಿಪಾಯಿಯ ಎತ್ತರ ಒಂದು ಇಂಚಿಗಿಂತ ತುಸು ಜಾಸ್ತಿ. ಅಂಗಡಿಯಿಂದ ತಂದ ಪೆಟ್ಟಿಗೆಯಲ್ಲಿ ಸಿಪಾಯಿ ಇರುವುದಿಲ್ಲ, ಅವನ ಕೈ, ಕಾಲು, ತಲೆ, ಬಂದೂಕುಗಳು ಬೂದು ಬಣ್ಣದ ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡಿರುತ್ತವೆ. ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಕೊಟ್ಟು ಅವನನ್ನು ನಿಲ್ಲಿಸುವುದು ಕೊಂಡವರ ಕೆಲಸ. ಆಡುವುದು ಆಮೇಲಿನ ಮಾತು. ಬಹಳ ಮಂದಿಗೆ ಆಡುವುದಕ್ಕಿಂತ ಈ ಕೆಲಸವೇ ಹೆಚ್ಚು ಇಷ್ಟ.

ಇದರ ಚರಿತ್ರೆಯನ್ನು ರಾಯರು ಕಾಫಿ ಮುಗಿಯುವುದರೊಳಗೆ ಹೇಳಿ ಮುಗಿಸಿದರು. 1824ರ ಹೊತ್ತಿಗೆ ಪ್ರಷ್ಯದ ಸೇನಾಧಿಕಾರಿಗಳು ನಕ್ಷೆಯ ಮೇಲೆ ತುಂಡುಗಳನ್ನು ಸರಿಸಿ ಯುದ್ಧ ಕಲಿಯುತ್ತಿದ್ದರು. 1893ರಲ್ಲಿ ಲಂಡನ್ನಿನ ಬ್ರಿಟನ್ಸ್ ಕಂಪನಿ ಒಳಗೆ ಪೊಳ್ಳಾದ ಸೀಸದ ಸಿಪಾಯಿಗಳನ್ನು ಎರಕ ಹೊಯ್ಯತೊಡಗಿತು, ಬೆಲೆ ಇಳಿಯಿತು, ಮಕ್ಕಳ ಕೋಣೆಗಳಲ್ಲಿ ಸೈನ್ಯ ತುಂಬಿತು. 1913ರಲ್ಲಿ ಎಚ್. ಜಿ. ವೆಲ್ಸ್ ಅದೇ ಸಿಪಾಯಿಗಳನ್ನು ನೆಲದ ಮೇಲೆ ಹರಡಿ ಆಡುವುದಕ್ಕೆ ನಿಯಮ ಬರೆದು ‘ಲಿಟಲ್ ವಾರ್ಸ್’ ಪುಸ್ತಕ ಮಾಡಿದರು. ನಿಜವಾದ ಯುದ್ಧಕ್ಕಿಂತ ಈ ಆಟವೇ ಲೇಸು ಎಂಬುದು ಅವರ ವಾದ. ಮರುವರ್ಷವೇ ಮಹಾಯುದ್ಧ ಶುರುವಾಯಿತು. ಅಲ್ಲಿಗೆ ಬಂದಾಗ ರಾಯರು ಸ್ವಲ್ಪ ಹೊತ್ತು ಸುಮ್ಮನಾದರು.

ಆಮೇಲಿನದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಸುತ್ತಿನ ಕಥೆ. 1975ರಲ್ಲಿ ಲಂಡನ್ನಿನಲ್ಲಿ ಮೂವರು ಗೆಳೆಯರು ‘ಗೇಮ್ಸ್ ವರ್ಕ್‌ಶಾಪ್’ ಶುರುಮಾಡಿದರು. 1979ರಲ್ಲಿ ಅದರ ಜೊತೆಗಾರ ಸಂಸ್ಥೆ ‘ಸಿಟಡೆಲ್ ಮಿನಿಯೇಚರ್ಸ್’ ನಾಟಿಂಗ್‌ಹ್ಯಾಮ್‌ಗೆ ಹತ್ತಿರದ ನ್ಯೂಆರ್ಕ್‌ನಲ್ಲಿ ಎರಕದ ಕೆಲಸಕ್ಕೆ ಕೂತಿತು. 1983ರಲ್ಲಿ ‘ವಾರ್‌ಹ್ಯಾಮರ್’ ಆಟ ಬಂತು, 1987ರಲ್ಲಿ ಅದರ ಬಾಹ್ಯಾಕಾಶದ ರೂಪ. ಅಲ್ಲಿ ಕೆಲಸ ಕಲಿತವರು ಹೊರಬಂದು ಸುತ್ತಮುತ್ತ ತಮ್ಮತಮ್ಮ ಎರಕದ ಮನೆಗಳನ್ನು ತೆರೆದದ್ದರಿಂದ ಆ ಸೀಮೆಗೆ ಈ ಹವ್ಯಾಸಿಗಳು ‘ಸೀಸದ ಪಟ್ಟಿ’ ಎಂದೇ ಹೆಸರಿಟ್ಟಿದ್ದಾರೆ. ಈಗ ಸೀಸ ಹೋಗಿ ತವರದ ಮಿಶ್ರಲೋಹ, ರಾಳ, ಪ್ಲಾಸ್ಟಿಕ್ ಬಂದಿವೆ. ಹೆಸರು ಹಾಗೇ ಉಳಿದಿದೆ. ರಾಯರಿಗೆ ಮೊದಲ ಪೆಟ್ಟಿಗೆ ಬಂದದ್ದೂ ಆ ಊರಿನಿಂದಲೇ, ಅಲ್ಲಿ ಓದಲು ಹೋಗಿದ್ದ ಅಣ್ಣನ ಮಗನ ಸೂಟ್‌ಕೇಸಿನಲ್ಲಿ.

ಆದರೆ ಅವರ ಸೈನ್ಯ ಇಂಗ್ಲೆಂಡಿನದಲ್ಲ, ಶ್ರೀರಂಗಪಟ್ಟಣದ್ದು. ಬೇರೆ ಯಾವುದೋ ದೇಶದ ಸಿಪಾಯಿಯ ಮೈ ತೆಗೆದುಕೊಂಡು, ಟೊಪ್ಪಿ ಕೊರೆದು ಹಾಕಿ, ರುಮಾಲು ಸುತ್ತಿ, ಹದಿನೆಂಟನೆಯ ಶತಮಾನದ ಮೈಸೂರಿನ ಕಾಲಾಳು ಮಾಡುತ್ತಾರೆ. ಟಿಪ್ಪುವಿನ ಕಾಲದ ಪದಾತಿಗಳು ತೊಡುತ್ತಿದ್ದ ‘ಬಬ್ರಿ’ ಅಂಗಿ, ಅಂದರೆ ಹುಲಿಪಟ್ಟೆಯ ಅಂಗಿ, ಅವರ ಪಾಲಿನ ತಪಸ್ಸು. ನೇರಳೆ ಬಣ್ಣದ ಮೇಲೆ ಬಿಳಿ ಪಟ್ಟೆ. ನೇರ ಗೆರೆ ಎಳೆದರೆ ಅದು ಹುಲಿಪಟ್ಟೆ ಆಗುವುದಿಲ್ಲ, ಎರಡು ತುದಿ ಚೂಪಾಗಿ ನಡು ತುಂಬಿರಬೇಕು. ಕುಂಚದ ತುದಿ ತಾಗಿಸಿ, ತುಸು ಒತ್ತಿ, ಎಳೆಯುತ್ತಲೇ ಎತ್ತಬೇಕು. ಒಂದು ಅಂಗಿಗೆ ಅಂಥವು ಮೂವತ್ತು, ನಲವತ್ತು.

ಬಣ್ಣ ನೋಡಿಕೊಳ್ಳಲು ಅವರು ಬಸ್ಸು ಹತ್ತಿ ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗುತ್ತಾರೆ. 1784ರಲ್ಲಿ ಕಟ್ಟಿಸಿದ ಆ ಅರಮನೆಯ ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧ ಇದೆ. ಸಾಲುಸಾಲು ಕುದುರೆ, ಸಿಡಿಯುತ್ತಿರುವ ಮದ್ದಿನ ಬಂಡಿ, ಪಲ್ಲಕ್ಕಿಯಲ್ಲಿ ಕೂತ ಇಂಗ್ಲಿಷರ ಕರ್ನಲ್ ಬೇಲಿ. ಪ್ರವಾಸಿಗರು ಐದು ನಿಮಿಷ ನಿಂತು ಹೋಗುವ ಗೋಡೆಯ ಮುಂದೆ ರಾಯರು ಮಧ್ಯಾಹ್ನವೆಲ್ಲ ಸ್ಕೆಚ್ ಪುಸ್ತಕ ಹಿಡಿದು ನಿಂತಿರುತ್ತಾರೆ. ಒಬ್ಬ ಸಿಪಾಯಿಯ ನಡುಕಟ್ಟಿನ ಬಣ್ಣಕ್ಕಾಗಿ ಮೂರು ಸಲ ಹೋಗಿ ಬಂದಿದ್ದಾರಂತೆ. ನಮ್ಮ ಚರಿತ್ರೆಯನ್ನು ಇಷ್ಟು ಹತ್ತಿರದಿಂದ ನೋಡಿದವರನ್ನು ನಾನು ಕಂಡದ್ದು ಕಡಿಮೆ.

ಬಣ್ಣದ ಕ್ರಮದಲ್ಲಿ ಅವಸರ ಸಲ್ಲದು. ಮೊದಲು ಪ್ರೈಮರ್. ಅದಿಲ್ಲದಿದ್ದರೆ ಬಣ್ಣ ಪ್ಲಾಸ್ಟಿಕ್ಕನ್ನು ಕಚ್ಚುವುದಿಲ್ಲ. ಮೇಲೆ ನೀರು ಬೆರೆಸಿ ತೆಳುಮಾಡಿದ ಬಣ್ಣ, ಒಂದರ ಮೇಲೊಂದು ಎರಡು ಮೂರು ಪದರ. ಮಂದವಾಗಿ ಬಳಿದರೆ ಮೂಗು, ಬಾಯಿ, ಗುಂಡಿ ಎಲ್ಲ ಮುಚ್ಚಿಹೋಗುತ್ತವೆ. ಬಳಿಕ ‘ವಾಶ್’, ಡಿಕಾಕ್ಷನ್ನಿನಷ್ಟು ತೆಳ್ಳಗಿನ ಕಪ್ಪು-ಕಂದು ದ್ರವ. ಅದು ತಾನೇ ಹರಿದು ಮಡಿಕೆಗಳಲ್ಲಿ ನಿಂತು ನೆರಳಾಗುತ್ತದೆ. ಒಂದೇ ಗಳಿಗೆಯಲ್ಲಿ ಪ್ಲಾಸ್ಟಿಕ್ಕಿನ ತುಂಡು ಮೈಕೈ ತುಂಬಿದ ಮನುಷ್ಯನಾಗುವುದನ್ನು ನನ್ನ ಕಣ್ಣಾರೆ ಕಂಡೆ. ಏಪ್ರಿಲ್ ಬಿಸಿಲಿಗೆ ಅಕ್ರಿಲಿಕ್ ಬಣ್ಣ ಕುಂಚದಲ್ಲೇ ಒಣಗುತ್ತದೆಂದು ಡಬ್ಬಿಯಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಬೇಕಿಂಗ್ ಕಾಗದ ಹಾಸಿ, ಬಣ್ಣ ಕಲಸಿಕೊಳ್ಳುತ್ತಾರೆ.

ಕಷ್ಟ ಕೇಳಿದರೆ ರಾಯರ ದನಿ ಏರುತ್ತದೆ. ಒತ್ತಡದ ಡಬ್ಬಿಯಲ್ಲಿ ಬರುವ ಪ್ರೈಮರನ್ನು ವಿಮಾನದಲ್ಲಿ ಕಳಿಸುವಂತಿಲ್ಲ. ಒಳ್ಳೆಯ ಬಣ್ಣದ ಸೀಸೆ ಹೊರದೇಶದಿಂದ ಸುಂಕ ಕಟ್ಟಿಸಿಕೊಂಡು ಬರುವ ಹೊತ್ತಿಗೆ ಪಿಂಚಣಿಗೆ ಭಾರ. ಕೂದಲೆಳೆಯ ಕುಂಚ ಬೇಕು. ಅಳಿಲಿನ ಕೂದಲಿನ ಕುಂಚದಿಂದ ಚಿತ್ರ ಬರೆದ ಪರಂಪರೆ ಮೈಸೂರಿನದು, ಗಂಜೀಫಾ ಎಲೆಯ ಮೇಲೆ ದಶಾವತಾರ ಮೂಡಿಸಿದ ಊರು ಇದು. ಇಲ್ಲಿಯೇ ಇಂಥ ಬಣ್ಣ, ಇಂಥ ಕುಂಚ ಮಾಡಿ ಮಾರುವವರು ಹುಟ್ಟಬೇಕು ಎಂದು ನನಗೂ ಅನ್ನಿಸಿತು.

ಎಲ್ಲಕ್ಕಿಂತ ದೊಡ್ಡ ಏಟು ಮಳೆಗಾಲದ್ದು. ಒಂದು ಜುಲೈನಲ್ಲಿ ಹನ್ನೆರಡು ಸಿಪಾಯಿಗಳು ಪೂರ್ತಿಯಾಗಿದ್ದರು. ಐದು ತಿಂಗಳ ಕೆಲಸ. ಕೊನೆಯ ವಾರ್ನಿಶ್ ಸಿಂಪಡಿಸಿ ಮಹಡಿಯಲ್ಲಿ ಇಟ್ಟರು. ಗಾಳಿಯ ತೇವ ವಾರ್ನಿಶ್ಶಿನೊಳಗೆ ಸಿಕ್ಕಿಕೊಂಡು ಬೆಳಿಗ್ಗೆ ಹೊತ್ತಿಗೆ ಹನ್ನೆರಡು ಜನರ ಮೇಲೂ ಬೂದಿ ಬಳಿದ ಹಾಗೆ ಬಿಳಿ ಪೊರೆ. ಹೊಳಪಿನ ವಾರ್ನಿಶ್ಶನ್ನು ಕುಂಚದಲ್ಲಿ ಮತ್ತೊಮ್ಮೆ ಬಳಿದಾಗ ಏಳು ಜನ ಉಳಿದರು. ಐವರನ್ನು ಎಸೆಯಲು ಮನಸ್ಸಾಗದೆ ಬೇರೆ ಡಬ್ಬಿಯಲ್ಲಿ ಹತ್ತಿಯ ಮೇಲೆ ಮಲಗಿಸಿದ್ದಾರೆ. ನನಗೆ ತೋರಿಸಿದರು. ಮಂಜಿನಲ್ಲಿ ನಡೆದು ಬಂದವರ ಹಾಗಿದ್ದರು.

ಜೊತೆಗೆ ಆಡುವವರಿಲ್ಲ. ಬೆಂಗಳೂರಿನಲ್ಲಿ ಹುಡುಗರು ಸೇರುತ್ತಾರಂತೆ, ಅಷ್ಟು ದೂರ ಈ ಪೆಟ್ಟಿಗೆ ಹೊತ್ತು ಹೋಗುವ ವಯಸ್ಸಲ್ಲ. ಹಾಗಾಗಿ ವರ್ಷಕ್ಕೊಮ್ಮೆ ನವರಾತ್ರಿಯಲ್ಲಿ, ಪಟ್ಟದ ಗೊಂಬೆಗಳ ಕೆಳಗೆ, ಕೊನೆಯ ಮೆಟ್ಟಿಲಿನಲ್ಲಿ ಮೈಸೂರು ಪಡೆ ಸಾಲು ನಿಲ್ಲುತ್ತದೆ. ಬಾಗಿನಕ್ಕೆ ಬಂದವರು ‘ಎಷ್ಟು ಪುಟ್ಟದು!’ ಎಂದು ಹೋಗುತ್ತಾರೆ. ಮಕ್ಕಳು ಮಾತ್ರ ಮೊಣಕಾಲೂರಿ ಕೂರುತ್ತಾರೆ.

ಇನ್ನು ಕಣ್ಣಿನ ವಿಷಯ. ಇಡೀ ಮುಖ ನಾಲ್ಕು ಮಿಲಿಮೀಟರ್, ಕಣ್ಣು ಅರ್ಧ ಮಿಲಿಮೀಟರ್. ಮೊದಲು ಕಂದು ಗೆರೆ, ಅದರೊಳಗೆ ಬಿಳಿಯ ಗೆರೆ, ಅದರ ನಡುವೆ ಕಪ್ಪು ಚುಕ್ಕೆ. ಚುಕ್ಕೆ ಕೂದಲೆಳೆಯಷ್ಟು ಸರಿದರೂ ಸಿಪಾಯಿ ಮೆಳ್ಳೆಗಣ್ಣ. ರಾಯರು ಮೊಣಕೈಗಳನ್ನು ಮೇಜಿಗೆ ಊರಿ, ಎರಡೂ ಮಣಿಕಟ್ಟು ಜೋಡಿಸಿ, ಉಸಿರು ಬಿಟ್ಟು ಮುಂದಿನ ಉಸಿರು ತೆಗೆಯುವ ಮೊದಲಿನ ಬಿಡುವಿನಲ್ಲಿ ಚುಕ್ಕೆ ಇಡುತ್ತಾರೆ. ಕೆಲವರು ಕಣ್ಣನ್ನು ಮೊದಲೇ ಬರೆದು ತಪ್ಪಿದ್ದನ್ನು ಚರ್ಮದ ಬಣ್ಣದಿಂದ ತಿದ್ದಿಕೊಳ್ಳುತ್ತಾರೆ. ರಾಯರದು ಕೊನೆಗೇ. ‘ಶಿಲ್ಪಿಗಳು ಕಣ್ಣು ಕೊನೇಲಿ ತೆರೆಸ್ತಾರಲ್ಲ, ಹಾಗೆ’ ಎಂದು ಮೊದಲ ದಿನ ಹೇಳಿದ್ದರು.

ಹೊರಡುವ ಮುನ್ನ ಒಂದು ಶೂ ಪೆಟ್ಟಿಗೆ ತೆರೆದರು. ಒಳಗೆ ಇನ್ನೂ ನಲವತ್ತೆರಡು ಸಿಪಾಯಿಗಳು. ಅಂಗಿ ಇಲ್ಲ, ಪಟ್ಟೆ ಇಲ್ಲ, ರುಮಾಲಿಗೆ ಬಣ್ಣವಿಲ್ಲ, ಅಡಿಯಿಂದ ಮುಡಿಯವರೆಗೆ ಬೂದು ಪ್ರೈಮರ್. ಆದರೆ ಒಬ್ಬೊಬ್ಬನ ಮುಖದಲ್ಲೂ ಎರಡು ಕಣ್ಣು ಬರೆದು ಮುಗಿದಿತ್ತು.

‘ಎರಡೂ ಕಣ್ಣಿಗೂ ಪೊರೆ ಬಂದಿದೆ. ಆಪರೇಷನ್ ಆದ್ಮೇಲೆ ಇಷ್ಟು ಹತ್ತಿರದ್ದು ಹೇಗೆ ಕಾಣತ್ತೋ. ಅಂಗಿ ಹೇಗಾದ್ರೂ ಆಗತ್ತೆ ಬಿಡಿ’ ಎಂದು ರಾಯರು ಮುಚ್ಚಳ ಕೈಯಲ್ಲಿ ಹಿಡಿದು ನಿಂತರು. ದೀಪ ಇನ್ನೂ ಉರಿಯುತ್ತಿತ್ತು. ನಲವತ್ತೆರಡು ಜನ ಪೆಟ್ಟಿಗೆಯೊಳಗಿಂದ ನೋಡುತ್ತಿದ್ದರು.