ಶೋಕವನ್ನು ದಾನವಾಗಿಸಿದ ತಾಯಿ

ಕೊಪಣತೀರ್ಥವೆಂದು ಜೈನರು ಪೂಜಿಸುವ ಕೊಪ್ಪಳಕ್ಕೆ ಸಮೀಪದ ಲಕ್ಕುಂಡಿಯಲ್ಲಿ 1007ರಲ್ಲಿ ಜಿನಾಲಯ ಕಟ್ಟಿಸಿದವಳು ಅತ್ತಿಮಬ್ಬೆ. ಪತಿ ನಾಗದೇವನು ಮಡಿದಾಗ, ಸವತಿಯೂ ಆಗಿದ್ದ ತಂಗಿ ಗುಂಡಮಬ್ಬೆ ಸಹಗಮನಗೈದಳು. ಅತ್ತಿಮಬ್ಬೆ ಮಗ ಅಣ್ಣಿಗದೇವನಿಗಾಗಿ ಬದುಕನ್ನೇ ಆರಿಸಿಕೊಂಡಳು. ಪುಣ್ಯವೆಂದು ಅಗ್ನಿಗೆ ಬೀಳುವುದು ಲೋಕಮೂಢತೆಯೆಂದು ಸಮಂತಭದ್ರಾಚಾರ್ಯರು ಮೊದಲೇ ಎಚ್ಚರಿಸಿದ್ದರು.

ವ್ರತನಿಷ್ಠೆಯಿಂದ ದೇಹವನ್ನು ದಂಡಿಸಿದ ಆ ತಾಯಿ ಕೈಯನ್ನು ಮಾತ್ರ ಎಂದೂ ಬಿಗಿಹಿಡಿಯಲಿಲ್ಲ. ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಓಲೆಯಲ್ಲಿ ಬರೆಯಿಸಿ ಹಂಚಿದಳು. ರನ್ನನಿಂದ ಅಜಿತಪುರಾಣವನ್ನು ರಚಿಸಿಸಿದಳು. ಲೋಕವು ಅವಳನ್ನು ದಾನಚಿಂತಾಮಣಿಯೆಂದು ಕರೆಯಿತು.

ಆಹಾರ, ಔಷಧ, ಅಭಯ, ಶಾಸ್ತ್ರ ಇವು ಶ್ರಾವಕರ ಚತುರ್ವಿಧ ದಾನಗಳು. ಮನೆಯ ಹಿರಿಯ ತಾಯಿ ಅಗಲಿದಾಗ ಭಾವಚಿತ್ರಕ್ಕೆ ಮಾಲೆ ಹಾಕಿದರಷ್ಟೇ ಸಾಲದು. ಅವಳ ಹೆಸರಿನಲ್ಲಿ ಒಬ್ಬ ಬಡ ವಿದ್ಯಾರ್ಥಿಯ ಕೈಗೆ ಪುಸ್ತಕವಿತ್ತರೆ ಆ ದೀರ್ಘ ಬಾಳು ಮುಂದುವರಿಯುತ್ತದೆ.