ನಿಮಗಿದು ಗೊತ್ತೆ? ಕೊಡುವ ಕೈಯಲ್ಲೇ ಕಾಣುತ್ತದೆ ಗುಣ

ಸತ್ವ, ರಜಸ್ಸು, ತಮಸ್ಸು ಎಂಬ 3 ಗುಣಗಳಿಂದ ಮನುಷ್ಯನ ಸ್ವಭಾವವನ್ನು ವಿವರಿಸುವ ಭಗವದ್ಗೀತೆ, ಅವನ್ನು ಗುರುತಿಸಲು ದಿನಬಳಕೆಯ ಪರೀಕ್ಷೆಗಳನ್ನೂ ಕೊಟ್ಟಿದೆ. 17ನೇ ಅಧ್ಯಾಯದ 20ರಿಂದ 22ನೇ ಶ್ಲೋಕಗಳು ದಾನದ ಕುರಿತಾಗಿವೆ.

• ಸಾತ್ವಿಕ: ಪ್ರತ್ಯುಪಕಾರ ಬಯಸದೆ, ಸ್ಥಳ, ಕಾಲ, ಅರ್ಹತೆ ನೋಡಿ, ಕರ್ತವ್ಯವೆಂದು ಕೊಡುವುದು.

• ರಾಜಸ: ಪ್ರತಿಫಲದ ಮೇಲೆ ಕಣ್ಣಿಟ್ಟು, ಇಲ್ಲವೇ ಒಲ್ಲದ ಮನಸ್ಸಿನಿಂದ ಕೊಡುವುದು.

• ತಾಮಸ: ಹೊತ್ತುಗೊತ್ತು ನೋಡದೆ, ತಾತ್ಸಾರದಿಂದ ಕೊಡುವುದು.

ಆಹಾರ, ಯಜ್ಞ, ತಪಸ್ಸುಗಳನ್ನೂ ಇದೇ ಅಧ್ಯಾಯ ಹೀಗೆ ಮೂರಾಗಿ ವಿಂಗಡಿಸುತ್ತದೆ. ಈ ಗುಣಗಳಲ್ಲಿ ಒಮ್ಮೆ ಒಂದು, ಇನ್ನೊಮ್ಮೆ ಮತ್ತೊಂದು ಮೇಲುಗೈ ಪಡೆಯುತ್ತದೆ ಎನ್ನುತ್ತದೆ 14ನೇ ಅಧ್ಯಾಯದ 10ನೇ ಶ್ಲೋಕ. ಆದ್ದರಿಂದ ಹುಟ್ಟುಗುಣ ಸುಟ್ಟರೂ ಹೋಗದೆಂದು ಕೈಚೆಲ್ಲಬೇಕಿಲ್ಲ. ಕೊಡುವಾಗ ಮನಸ್ಸು ಏನನ್ನು ಬಯಸುತ್ತಿದೆ ಎಂದು ಗಮನಿಸಿದರೆ, ತಿದ್ದಿಕೊಳ್ಳುವ ಕೆಲಸ ಆರಂಭವಾದಂತೆ.