ಮಹಾಲಿಂಗಪುರದ ಬೆಲ್ಲದಲ್ಲಿ ಇಂಗ್ಲಿಷ್ ವ್ಯಾಕರಣ!

ಬನ್ನಿ, ಒಂದು ಪಂಥ! ಇಂಗ್ಲಿಷಿನ 'ಸ್ವೀಟೆಸ್ಟ್' ಪದಕ್ಕೆ ಒಡಹುಟ್ಟು ಒಂದಿದೆ. ಅದು ನಿಮ್ಮ ಬಾಯಲ್ಲೇ ಇದೆ. ಊಟದ ಪಂಕ್ತಿಯಲ್ಲಿ ಎಷ್ಟೋ ಸಲ ಆಡಿದ್ದೀರಿ. ಯಾವುದು, ಹೇಳಿ ನೋಡೋಣ!

ಹೊಳೆಯಲಿಲ್ಲವೇ? ಇರಲಿ, ಮೊದಲು ಕನ್ನಡದ ಚಮತ್ಕಾರ ನೋಡಿ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಎಲ್ಲವೂ ಕಬ್ಬಿನ ಸೀಮೆ. ಇಲ್ಲಿನ ಮಗು ಹೇಳುತ್ತದೆ: ಬೆಲ್ಲ ಸಿಹಿ. ಸಕ್ಕರೆಗಿಂತ ಬೆಲ್ಲ ಸಿಹಿ. ಎಲ್ಲಕ್ಕಿಂತ ಬೆಲ್ಲ ಸಿಹಿ. ಗಮನಿಸಿದಿರಾ? 'ಸಿಹಿ' ಕದಲಲೇ ಇಲ್ಲ! ಹೋಲಿಕೆಯ ಭಾರವನ್ನೆಲ್ಲ ಆಚೆ ಬದಿಯ ಸಕ್ಕರೆಯೇ ಹೊತ್ತಿತು!

ಇಂಗ್ಲಿಷಿನಲ್ಲಿ? ಗುಣವಾಚಕಕ್ಕೇ ಬಾಲ ಬೆಳೆಯುತ್ತದೆ! ಸ್ವೀಟ್, ಸ್ವೀಟರ್, ಸ್ವೀಟೆಸ್ಟ್. ಪದ ಉದ್ದವಾದರೆ ಬಾಲ ಮಾಯ: ಮೋರ್ ಬ್ಯೂಟಿಫುಲ್, ಮೋಸ್ಟ್ ಬ್ಯೂಟಿಫುಲ್. ಇನ್ನು 'ಗುಡ್' ಬೇರೆ ವೇಷವನ್ನೇ ತೊಟ್ಟು ಬೆಟರ್, ಬೆಸ್ಟ್ ಆಗಿಬಿಡುತ್ತದೆ! 'ಮೋರ್ ಸ್ವೀಟರ್' ಎಂದ ಮಗುವನ್ನು ಗದರಬೇಡಿ. ಹೋಲಿಕೆಯ ಗುರುತು ಎರಡು ಸಲ ಬಿತ್ತು, ಅಷ್ಟೇ.

ಈಗ ಆ ಗುಟ್ಟು. ಸ್ವಾದಿಷ್ಟ!

ಹೌದು, ಮಹಾಲಿಂಗಪುರದ ಬೆಲ್ಲ ಬಾಯಿಗಿಟ್ಟು ನಾವು ಹೇಳುವ ಅದೇ ಸ್ವಾದಿಷ್ಟ! ಸಂಸ್ಕೃತದಲ್ಲಿ ಅದು ಸ್ವಾದಿಷ್ಠ. ಸ್ವಾದು, ಸ್ವಾದೀಯಸ್, ಸ್ವಾದಿಷ್ಠ: ಸಿಹಿ, ಇನ್ನೂ ಸಿಹಿ, ಎಲ್ಲಕ್ಕಿಂತ ಸಿಹಿ. ಪಕ್ಕದಲ್ಲೇ ಸ್ವೀಟ್, ಸ್ವೀಟರ್, ಸ್ವೀಟೆಸ್ಟ್ ಇಟ್ಟು ಗಟ್ಟಿಯಾಗಿ ಓದಿ. ಮೈ ಜುಮ್ಮೆನ್ನುವುದಿಲ್ಲವೇ? ಬುಡವೂ ಒಂದೇ, ಬಾಲವೂ ಒಂದೇ! ಪ್ರಾಚೀನ ಗ್ರೀಕರೂ ಇದೇ ಮನೆಯವರು. ಅವರದು 'ಹೇಡಿಸ್ಟೋಸ್'!

ಕಲ್ಕತ್ತೆಯಲ್ಲಿ ನ್ಯಾಯಾಧೀಶರಾಗಿದ್ದ ವಿಲಿಯಂ ಜೋನ್ಸ್, ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ಮೂಲ ಒಂದೇ ಇರಬೇಕು ಎಂದು ಸಾರಿದರು. ಯಾವಾಗ ಗೊತ್ತೇ? 1786ರಲ್ಲಿ!

ಕನ್ನಡ ಆ ಕುಟುಂಬದ್ದಲ್ಲ, ದ್ರಾವಿಡ ಭಾಷೆ. ಆದರೂ ಸಂಸ್ಕೃತದಿಂದ ಬಂದ ಈ ಬಾಲಗಳು ನಮ್ಮಲ್ಲಿ ಎಷ್ಟಿವೆ ನೋಡಿ! ಶ್ರೇಷ್ಠ. ಬಲಿಷ್ಠ. ಹವಾಮಾನ ವರದಿಯ ಗರಿಷ್ಠ, ಕನಿಷ್ಠ. ಕೊನೆಯ 'ಇಷ್ಠ'ವೇ ಇಂಗ್ಲಿಷಿನ 'ಎಸ್ಟ್'!

ಗುರುಗಳೇ, ಅಕ್ಕೋರೇ, ನಾಳೆ ಇಂಗ್ಲಿಷ್ ಹೋಲಿಕೆಯ ಪಾಠಕ್ಕೆ ನಿಂತಾಗ ಹಲಗೆಯ ಮೇಲೆ ಮೊದಲು 'ಸ್ವಾದಿಷ್ಠ' ಬರೆಯಿರಿ. 'ಸ್ವೀಟೆಸ್ಟ್' ಯಾವುದೆಂದು ಮಕ್ಕಳೇ ಹುಡುಕಲಿ!